ಅಟ್ಟ ಹೊಕ್ಕ ಗೂಬೆಗೆ ಎರಡು ತಿಂಗಳು ಕೊಡಿ

ಸುಲೇಪೇಟ, ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಕಡೆಯ ಅಕ್ಕಂದಿರೇ, ಅಣ್ಣಂದಿರೇ, ರಾತ್ರಿ ಹೊತ್ತು ನಿಮ್ಮ ಅಟ್ಟದಿಂದ ಬುಸುಗುಟ್ಟುವ, ಗೊರಗುಟ್ಟುವ ಸದ್ದು ಬಿಡದೆ ಬರುತ್ತಿದ್ದರೆ ದಯವಿಟ್ಟು ಮೆಣಸಿನಕಾಯಿ ಹೊಗೆ ಹಾಕಬೇಡಿ, ಬಡಿಗೆ ಹಿಡಿದು ಏಣಿ ಹತ್ತಬೇಡಿ. ಮೊದಲು ಅಲ್ಲಿ ಯಾರಿದ್ದಾರೆ ಎಂದು ತಿಳಿದುಕೊಳ್ಳಿ.

ನಮ್ಮ ಹಳೆಯ ಮನೆಗಳು ಕಲ್ಲಿನವು. ಪರಸಿ ಹಾಸಿದ ಮಾಳಿಗೆ, ದಪ್ಪ ಗೋಡೆ, ಗೋಡೆಗೂ ಜಂತಿಗೂ ನಡುವೆ ಕೈ ಹೋಗುವಷ್ಟು ಸಂದು, ಮುರಿದರೂ ಯಾರೂ ಸರಿಮಾಡದ ಬೆಳಕಿಂಡಿ. ದುಡಿಯಲು ಪುಣೆಗೋ ಹೈದರಾಬಾದಿಗೋ ಹೋದವರ ಕೀಲಿ ಬಿದ್ದ ಮನೆಗಳು ಬೇರೆ. ಪ್ರಾಣಿಗಳಿಗೆ ಇಷ್ಟು ಸಾಕು. ಚಿಂಚೋಳಿಯ ಕಾಡೂ ದೂರವಿಲ್ಲ. ಸುಮಾರು 135 ಚದರ ಕಿಲೋಮೀಟರಿನ ಆ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದರು. ಆದರೆ ಅಟ್ಟಕ್ಕೆ ಬರುವ ಜೀವಿಗಳಲ್ಲಿ ಹೆಚ್ಚಿನವು ಊರಲ್ಲೇ ಹುಟ್ಟಿ ಊರಲ್ಲೇ ಬೆಳೆದವು.

ಗುರುತು ಹಿಡಿಯಲು ಕಣ್ಣಿಗಿಂತ ಕಸ ಹೆಚ್ಚು ಹೇಳುತ್ತದೆ. ಸಣ್ಣ ಕಪ್ಪು ಹಿಕ್ಕೆಯನ್ನು ಕಡ್ಡಿಯಿಂದ ಒತ್ತಿ ನೋಡಿ. ಒಣಗಿದ್ದು ಪುಡಿಪುಡಿಯಾದರೆ ಹುಳ ತಿನ್ನುವ ಬಾವಲಿಯದು, ಗಟ್ಟಿಯಾಗೇ ಉಳಿದರೆ ಇಲಿಯದು. ಹಣ್ಣಿನ ಬೀಜ ತುಂಬಿದ ಹಿಕ್ಕೆ ಒಂದೇ ಮೂಲೆಯಲ್ಲಿ ಬಿದ್ದಿದ್ದು, ರಾತ್ರಿ ಭಾರದ ಹೆಜ್ಜೆ ಕೇಳಿಸಿದರೆ ಅದು ಪುನುಗು ಬೆಕ್ಕು ಇರಬಹುದು. ಹೆಬ್ಬೆರಳು ಗಾತ್ರದ ಕರಿಬೂದು ಉಂಡೆಗಳು ಸಿಕ್ಕರೆ ಒಂದನ್ನು ನೀರಲ್ಲಿ ನೆನೆಸಿ ಬಿಡಿಸಿ. ಕೂದಲಿನ ಮುದ್ದೆಯೊಳಗೆ ಇಲಿಯ ತಲೆಬುರುಡೆ, ಸೂಜಿಯಂಥ ಪಕ್ಕೆಲುಬು, ಹಳದಿ ಮುಂಬಲ್ಲು ಕಚ್ಚಿಕೊಂಡಿರುವ ದವಡೆ ಬಿಡಿಬಿಡಿಯಾಗಿ ಹೊರಬರುತ್ತವೆ. ಇದು ಗೂಬೆ ನುಂಗಿ, ಅರಗದ್ದನ್ನು ಬಾಯಿಂದ ಉಗುಳಿದ ಉಂಡೆ. ಬುಸುಗುಟ್ಟುವ ಸದ್ದು ಹಸಿದ ಮರಿಗಳದು. ಬಿಳಿ ಮುಖದ ಕಣಜ ಗೂಬೆ ನಿಮ್ಮ ಮನೆಯಲ್ಲಿ ಬಾಣಂತನ ಮಾಡುತ್ತಿದೆ.

ನನ್ನ ಕಳಕಳಿ ಇರುವುದು ಈ ಹಕ್ಕಿಯ ಬಗ್ಗೆ. ಗೂಬೆ ಹೊಕ್ಕ ಮನೆಯಲ್ಲಿ ಇರಬಾರದು, ಕೆಲವು ತಿಂಗಳು ಮನೆ ಬಿಡಬೇಕು ಎಂಬ ಮಾತು ನಮ್ಮಲ್ಲಿ ಇನ್ನೂ ಇದೆ. ಹಿರಿಯರ ಮನಸ್ಸಿಗೆ ಸಮಾಧಾನವಾಗುವುದಾದರೆ ಶಾಂತಿ ಮಾಡಿಸಿ, ನನ್ನ ತಕರಾರಿಲ್ಲ. ಹಾಲಕ್ಕಿ ನುಡಿಯಿತು ಎಂದು ಬುಡಬುಡಿಕೆಯವರು ಹೇಳಿದರೆ ಮೊರದಲ್ಲಿ ಕಾಳು ತಂದು ಹಾಕುವ ಜನ ನಾವು. ಅಂಥವರು ಹಕ್ಕಿಯನ್ನು ಕಲ್ಲಿನಿಂದ ಹೊಡೆದು ಕೆಡವುವುದು, ರೆಕ್ಕೆ ಬಲಿಯದ ಮರಿಯನ್ನು ಅಂಗಳಕ್ಕೆ ಎಸೆಯುವುದು ನನಗೆ ಸಹಿಸಲಾಗದು.

ಇದಕ್ಕಿಂತ ಕೆಟ್ಟದ್ದು ವ್ಯಾಪಾರ. 2018ರ ಕೊನೆಗೆ ತೆಲಂಗಾಣದ ವಿಧಾನಸಭೆ ಚುನಾವಣೆ ಬಂದಾಗ, ವಾಮಾಚಾರಕ್ಕೆಂದು ಗೂಬೆ ಸಾಗಿಸುತ್ತಿದ್ದವರು ನಮ್ಮ ಸೇಡಂ ತಾಲೂಕಿನಲ್ಲೇ ಸಿಕ್ಕಿಬಿದ್ದರು. ದೀಪಾವಳಿ ಬಂದರೂ ಇದೇ ಹಾವಳಿ. 'ನಿಮ್ಮ ಮನೆಯಾಗಿನ ಗೂಬಿ ನಾವ್ ಒಯ್ತೀವಿ, ರೊಕ್ಕಾನೂ ಕೊಡ್ತೀವಿ' ಎಂದು ಯಾರಾದರೂ ಬಂದರೆ ಬಾಗಿಲಲ್ಲೇ ಕಳಿಸಿಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಗೂಬೆಯನ್ನು ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಮಾರುವುದು, ಗೂಡಿನ ಮೊಟ್ಟೆ ತೆಗೆಯುವುದು ಕೂಡ ಅಪರಾಧ. ಕೊಂಡೊಯ್ದವನ ಜೊತೆ ಮನೆಯವರೂ ಸಿಕ್ಕಿಕೊಳ್ಳುತ್ತಾರೆ.

ನಾವು ತೊಗರಿ ಬೆಳೆಯುವವರು. ಹೊಲದಲ್ಲಿ, ರಾಶಿಯಲ್ಲಿ, ಚೀಲದಲ್ಲಿ ಇಲಿ ಮಾಡುವ ಲುಕ್ಸಾನು ಯಾರಿಗೂ ಹೇಳಿಕೊಡಬೇಕಿಲ್ಲ. ಇಲಿಯ ಬೆನ್ನು ಹತ್ತಿ ಹಾವು ಮನೆಗೆ ಬರುತ್ತದೆ. ಒಂದು ಕಣಜ ಗೂಬೆ ರಾತ್ರಿಗೆ ಒಂದೆರಡು ಇಲಿಯನ್ನಾದರೂ ತಿನ್ನುತ್ತದೆ, ನಾಲ್ಕೈದು ಮರಿ ಇದ್ದಾಗ ತಂದೆತಾಯಿ ಎರಡೂ ಇಡೀ ರಾತ್ರಿ ಇಲಿ ಹೊರುತ್ತವೆ. ಮಲೇಷ್ಯಾದ ತಾಳೆ ತೋಟಗಳಲ್ಲಿ, 1980ರ ದಶಕದಿಂದ ಇಸ್ರೇಲಿನ ಹೊಲಗಳಲ್ಲಿ ರೈತರು ಮರದ ಪೆಟ್ಟಿಗೆ ಕಟ್ಟಿ ಈ ಹಕ್ಕಿಯನ್ನು ಕರೆದು ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಅದು ತಾನಾಗಿ ಬಂದಿದೆ. ಅದು ಇರುವಾಗ ಬ್ರೋಮಾಡಿಯೋಲೋನ್‌ನಂಥ ಇಲಿ ಪಾಷಾಣ ಇಡಬೇಡಿ. ಆ ವಿಷ ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಕೆಲವು ದಿನ ತೂರಾಡುತ್ತ ತಿರುಗುತ್ತದೆ. ಹಾಗೆ ತಿರುಗುವ ಇಲಿಯೇ ಗೂಬೆಗೆ ಮೊದಲು ಸಿಗುವುದು, ಅದರ ವಿಷ ಹಕ್ಕಿಯ ಹೊಟ್ಟೆ ಸೇರುತ್ತದೆ.

ಇಷ್ಟಾದರೂ ನಾತ, ಗದ್ದಲ, ನಿದ್ದೆಗೇಡು ಸುಳ್ಳಲ್ಲ. ಮನೆಯಲ್ಲಿ ಕೂಸು, ಮುದುಕರು ಇದ್ದರಂತೂ ಹೊರಗೆ ಕಳಿಸಲೇಬೇಕು ಅನ್ನಿಸುತ್ತದೆ. ಕಳಿಸೋಣ, ಆದರೆ ಹೊತ್ತು ನೋಡಿ. ಮೊಟ್ಟೆಗೆ ಒಂದು ತಿಂಗಳು ಕಾವು, ಮರಿ ಹಾರಲು ಮುಂದೆ ಸುಮಾರು ಎರಡು ತಿಂಗಳು. ಮರಿಗಳ ಸದ್ದು ಕೇಳಿದ ಮೇಲೆ ನೀವು ಕಾಯಬೇಕಾದದ್ದು ಹೆಚ್ಚೆಂದರೆ ಎರಡು ತಿಂಗಳು. ಈಗಲೇ ಕಿಂಡಿ ಮುಚ್ಚಿದರೆ ಮರಿಗಳು ಒಳಗೇ ಸತ್ತು ಕೊಳೆಯುತ್ತವೆ, ಆ ನಾತ ಈಗಿನದಕ್ಕಿಂತ ಘೋರ. ಕಾಯುವ ದಿನಗಳಲ್ಲೇ ಬಡಿಗೇರರಿಗೆ ಹೇಳಿ ಎರಡು ಅಡಿ ಉದ್ದದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ಪೆಟ್ಟಿಗೆ ಮಾಡಿಸಿ. ಆರು ಇಂಚಿನ ಬಾಯಿ ಸಾಕು. ಹಿತ್ತಲ ಬೇವಿಗೋ ಹೊಲದ ಮರಕ್ಕೋ ಹದಿನೈದು ಅಡಿ ಎತ್ತರದಲ್ಲಿ ಕಟ್ಟಿ, ಬಂದರೂ ಬರಬಹುದು. ಸದ್ದು ಪೂರಾ ನಿಂತ ಮೇಲೆ ಕೆಲವು ಸಂಜೆ ಅಂಗಳದಲ್ಲಿ ಕೂತು ಕಿಂಡಿ ನೋಡಿ. ಯಾವುದೂ ಒಳಗೆ ಹೊರಗೆ ಆಡುತ್ತಿಲ್ಲ ಎಂದು ಖಾತ್ರಿಯಾದರೆ ಬ್ಯಾಟರಿ ಹಿಡಿದು ಒಳಗೂ ಒಮ್ಮೆ ನೋಡಿ, ಆಮೇಲೆ ತಂತಿಜಾಲರಿ ಬಡಿದು ಸಂದಿಗೆ ಸಿಮೆಂಟು ಮೆತ್ತಿಸಿ. ಕಸ ಗುಡಿಸುವಾಗ ಮೂಗು ಬಾಯಿಗೆ ಮಾಸ್ಕ್ ಇರಲಿ, ನೀರು ಚಿಮುಕಿಸಿಕೊಂಡೇ ಗುಡಿಸಿ. ಬಾವಲಿಯ ಹಿಕ್ಕೆಯ ಧೂಳಂತೂ ಪುಪ್ಪುಸಕ್ಕೆ ಕೇಡು.

ಬಾವಲಿ, ಪುನುಗು ಬೆಕ್ಕುಗಳಿಗೂ ಇದೇ ಕ್ರಮ: ಒಳಗೆ ಮರಿ ಇಲ್ಲ ಎಂದು ತಿಳಿದ ಮೇಲೆಯೇ ದಾರಿ ಮುಚ್ಚುವುದು. ಯಾವುದನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ಕಚ್ಚಿದರೆ, ಪರಚಿದರೆ ಸಾಬೂನು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ದವಾಖಾನೆಗೆ ಹೋಗಿ. ಕೆಳಗೆ ಬಿದ್ದ ಗೂಬೆಮರಿ ಕಂಡರೆ ನಾಯಿ, ಬೆಕ್ಕು ಬಾರದಂತೆ ಬುಟ್ಟಿ ಮುಚ್ಚಿಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನು ಮಾಡಿ. ಗೂಬೆ ಕೊಳ್ಳುವವರು ಊರಿಗೆ ಬಂದರೂ ಅದೇ ನಂಬರಿಗೆ ತಿಳಿಸಿ.