ಮುಗಿಯದ ಸೂತಕ

ತಪ್ಪು ನನ್ನದೇ ಅಂತ ಮೊದಲೇ ಒಪ್ಪಿಕೊಂಡು ಶುರು ಮಾಡುತ್ತೇನೆ. ಆಮೇಲೆ ನಿಮ್ಮೊಂದಿಗೆ, ಅಂದರೆ ಊರಲ್ಲಿರುವ ನನ್ನ ಕನ್ನಡಿಗರೊಂದಿಗೆ, ಜಗಳಕ್ಕೆ ಬರುತ್ತೇನೆ.

ನಾವು ಮಗರಪಟ್ಟಾದ ನಾಲ್ಕೈದು ಕನ್ನಡದ ಮನೆಯವರು ತಿಂಗಳಿಗೊಂದು ಭಾನುವಾರ ಯಾರದ್ದಾದರೂ ಮನೆಯಲ್ಲಿ ಸೇರುತ್ತೇವೆ. ಉಪ್ಪಿಟ್ಟು, ಕಾಫಿ, ಒಂದು ಹಳೇ ಸಿನಿಮಾ. ಅವತ್ತು ನಮ್ಮ ಮನೆಯಲ್ಲಿ ‘ಬಂಗಾರದ ಮನುಷ್ಯ’. ಮುಗಿದಾಗ ನನ್ನ ಕಣ್ಣು ಒದ್ದೆ. ಅದನ್ನ ಯಾರೂ ನೋಡದ ಹಾಗೆ ಎದ್ದು ದೀಪ ಹಾಕುತ್ತಿದ್ದೆ. ಆಗ ಧಾರವಾಡದ ಗೆಳೆಯನ ಮಗಳು, ಕಾಲೇಜು ಎರಡನೇ ವರ್ಷದ ಹುಡುಗಿ, ಕೇಳಿದಳು: ‘ಅಂಕಲ್, ರಾಜೀವ ಮಾಡಿದ್ದು ತಪ್ಪಲ್ವಾ? ಅಕ್ಕನ ಮಗ ಏನೋ ಅಂದ ಅಂತ ಒಂದು ಮಾತೂ ಆಡದೆ ಮನೆ ಬಿಟ್ಟು ಹೋಗೋದು ದೊಡ್ಡತನಾನಾ? ಉಳಿದವರು ಜೀವನಪೂರ್ತಿ ಆ ತಪ್ಪು ಹೊತ್ಕೊಂಡು ಇರಬೇಕಲ್ವಾ?’

ಒಳ್ಳೇ ಪ್ರಶ್ನೆ. ನಾನು ಕೊಟ್ಟ ಉತ್ತರ ಕೇಳಿ: ‘ತೀರಿಹೋದವರ ಬಗ್ಗೆ ಹಾಗೆಲ್ಲ ಮಾತಾಡಬಾರದಮ್ಮ.’

ಹುಡುಗಿ ಸುಮ್ಮನಾದಳು. ಅವಳ ಅಪ್ಪ ಮಾತ್ರ, ‘ಬಿಡ್ರಿ, ಆಕಿ ಕೇಳಿದ್ದರಾಗ ತಪ್ಪೇನೈತಿ?’ ಅಂದ. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಲೋಟ ತೊಳೆಯುವಾಗ ಹೊಳೆಯಿತು. ಆ ಮಗು ರಾಜಕುಮಾರ್ ಅವರ ಬಗ್ಗೆ ಒಂದಕ್ಷರವೂ ಆಡಿರಲಿಲ್ಲ. ಅವಳು ಕೇಳಿದ್ದು ರಾಜೀವನ ಬಗ್ಗೆ. ಟಿ.ಕೆ. ರಾಮರಾಯರ ಕಾದಂಬರಿಯಿಂದ ಬಂದು, ಸಿದ್ಧಲಿಂಗಯ್ಯನವರ ಕೈಯಲ್ಲಿ 1972ರಲ್ಲಿ ತೆರೆಗೆ ಬಂದ ಒಂದು ಪಾತ್ರದ ಬಗ್ಗೆ. ಪಾತ್ರಕ್ಕೆ ಸಾವೆಲ್ಲಿಂದ ಬಂತು? ನಡುವೆ ಶವವನ್ನು ತಂದಿಟ್ಟವನು ನಾನು.

ಮುಂದಿನ ಎರಡು ತಿಂಗಳು ಆ ಹುಡುಗಿ ಸಿನಿಮಾಕ್ಕೆ ಬರಲಿಲ್ಲ. ಪರೀಕ್ಷೆ ಅಂತ ಅವರಮ್ಮ ಹೇಳಿದರು. ಪರೀಕ್ಷೆ ಇರಲಿಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು.

ಇದು ನನ್ನೊಬ್ಬನ ಕಾಯಿಲೆ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಇದು ನಮ್ಮ ನಾಡಿನ ಕಾಯಿಲೆ. ಒಬ್ಬ ಕಲಾವಿದ ತೀರಿಕೊಂಡ ಕೂಡಲೇ ಅವನ ಕೆಲಸದ ಬಗ್ಗೆ ಮಾತು ನಿಲ್ಲಿಸಿಬಿಡುತ್ತೇವೆ, ಮತ್ತು ಅದನ್ನೇ ಗೌರವ ಅಂತ ಕರೆಯುತ್ತೇವೆ. ಯಾರಾದರೂ ಬಾಯಿ ತೆರೆದರೆ ‘ಅವರ ಬಗ್ಗೆ ಮಾತಾಡೋಕೆ ನೀನ್ಯಾರು’ ಅಂತ ಮುಗಿಬೀಳುತ್ತೇವೆ. ಸೂತಕಕ್ಕೂ ಒಂದು ಲೆಕ್ಕ ಇದೆಯಲ್ಲ ಸ್ವಾಮಿ. ಹತ್ತು ದಿನವೋ ಹನ್ನೊಂದು ದಿನವೋ, ಆಮೇಲೆ ಮನೆ ತೊಳೆದು, ಒಲೆ ಹಚ್ಚಿ, ಜನ ಮಾತಿಗೆ ಕೂರುತ್ತಾರೆ. ನಮ್ಮ ಸಿನಿಮಾದವರ ಸೂತಕ ಮಾತ್ರ ಮುಗಿಯುವುದೇ ಇಲ್ಲ.

2006ರ ಏಪ್ರಿಲ್ 12ರಂದು ರಾಜಕುಮಾರ್ ಹೋದರು. ಮಾರನೇ ದಿನ ನಾನು ಇಲ್ಲಿ ಮಗರಪಟ್ಟಾದ ಆಫೀಸಿನ ಕ್ಯಾಂಟೀನಿನಲ್ಲಿ ಟೀವಿ ಮುಂದೆ ನಿಂತಿದ್ದೆ. ಬೆಂಗಳೂರಿನಲ್ಲಿ ಬಸ್ಸುಗಳು ಉರಿಯುತ್ತಿದ್ದವು, ಗಾಜು ಒಡೆಯುತ್ತಿದ್ದವು. ಆ ಗಲಭೆಯಲ್ಲಿ ಎಂಟು ಜನ ಸತ್ತರು. ಅವರಲ್ಲಿ ಒಬ್ಬರು ಕರ್ತವ್ಯದ ಮೇಲಿದ್ದ ಪೊಲೀಸ್ ಪೇದೆ, ಗುಂಪಿನ ಕೈಗೆ ಸಿಕ್ಕವರು. ಪಕ್ಕದಲ್ಲಿದ್ದ ಮರಾಠಿ ಸಹೋದ್ಯೋಗಿ ಕೇಳಿದ, ‘ತೀರಿಕೊಂಡವರು ಯಾವ ಪಕ್ಷದವರು?’ ಪಕ್ಷದವರಲ್ಲ, ನಟರು ಅಂದೆ. ‘ನಟ ತೀರಿಕೊಂಡರೆ ಊರಿಗೆ ಯಾಕೆ ಬೆಂಕಿ?’ ಅಂದ. ನಾನು ತಡವರಿಸಿದೆ. ಅಂತಿಮ ದರ್ಶನಕ್ಕೆ ಸರಿಯಾದ ವ್ಯವಸ್ಥೆ ಆಗಲಿಲ್ಲ, ದಿಕ್ಕು ತೋಚದ ಜನ, ದುಃಖ ನಿಜವಾದದ್ದು, ಕಲ್ಲು ಹೊಡೆದವರೆಲ್ಲ ಅಭಿಮಾನಿಗಳೇ ಅಂತ ಹೇಳೋಕಾಗಲ್ಲ ಅಂತೆಲ್ಲ ಹೇಳಿದೆ. ಎಲ್ಲವೂ ನಿಜವೇ. ಆದರೆ ಅವನ ಮುಂದಿನ ಪ್ರಶ್ನೆಗೆ ನಾನು ಸೋತೆ: ‘ಅವರ ಒಳ್ಳೇ ಸಿನಿಮಾ ಒಂದು ಕೊಡು, ನೋಡ್ತೀನಿ.’

ನನಗೆ ಕೊಡಬೇಕು ಅನಿಸಿದ್ದು ‘ಸನಾದಿ ಅಪ್ಪಣ್ಣ’. ಬಿಸ್ಮಿಲ್ಲಾ ಖಾನರ ಶಹನಾಯಿಯ ನಾದಕ್ಕೆ ರಾಜಕುಮಾರ್ ಮುಖದ ಒಂದೊಂದು ನರವೂ ಮಿಡಿಯುವ ಚಿತ್ರ. ಮರಾಠಿಯವನಿಗೆ ಅರ್ಥವಾಗುವ ಹಾಗೆ ಇಂಗ್ಲಿಷ್ ಅಡಿಬರಹ ಇರುವ ಸಿ.ಡಿ. ಹುಡುಕಿದೆ. ಪುಣೆಯಲ್ಲಿ ಸಿಗಲಿಲ್ಲ. ಊರಿಗೆ ಹೋದಾಗ ಕೇಳಿದೆ, ಅಲ್ಲೂ ಸಿಗಲಿಲ್ಲ. ದೇವರು ಅಂತ ಕೂಗಿ ಗಾಜು ಒಡೆಯೋಕೆ ನಮ್ಮ ಹತ್ತಿರ ಕಲ್ಲಿತ್ತು. ಪರಭಾಷೆಯವನೊಬ್ಬನ ಕೈಗೆ ‘ತಗೋ, ಇವರು ಇಂಥವರು’ ಅಂತ ಇಡೋಕೆ ಒಂದು ತಟ್ಟೆ ಇರಲಿಲ್ಲ. ಹೊರನಾಡಿನಲ್ಲಿ ಇರುವವನಿಗೆ ಇದು ಎಷ್ಟು ಚುಚ್ಚುತ್ತದೆ ಅಂತ ನಿಮಗೆ ಊರಲ್ಲಿ ಕೂತು ಗೊತ್ತಾಗೋದು ಕಷ್ಟ.

‘ಅಭಿಮಾನಿ ದೇವರುಗಳು’ ಅಂತ ಜನರನ್ನೇ ದೇವರು ಮಾಡಿದವರು ರಾಜಕುಮಾರ್. ನಾವು ಮಾತು ತಿರುಗಿಸಿ ಅವರನ್ನೇ ದೇವರು ಮಾಡಿದೆವು. ದೇವರಿಗೆ ಪೂಜೆ ಉಂಟು, ಉತ್ಸವ ಉಂಟು. ಆದರೆ ‘ಈ ದೃಶ್ಯದಲ್ಲಿ ನೀನು ಚೆನ್ನಾಗಿ ಮಾಡಿದ್ದೀಯ, ಆ ದೃಶ್ಯದಲ್ಲಿ ಸ್ವಲ್ಪ ಜಾಸ್ತಿ ಆಯ್ತು’ ಅಂತ ದೇವರಿಗೆ ಯಾರು ಹೇಳುತ್ತಾರೆ? ನಟನಿಗೆ ಮಾತ್ರ ಹೇಳಬಹುದು. ದೇವರು ಮಾಡುವ ಭರದಲ್ಲಿ ನಟನನ್ನು ಕಳೆದುಕೊಂಡೆವು.

ಈಗ ನೀವು ಕೇಳಬಹುದು, ಹಾಗಾದರೆ ಸತ್ತವರನ್ನು ಬಾಯಿಗೆ ಬಂದ ಹಾಗೆ ಬೈಯಬಹುದಾ ಅಂತ. ಇಲ್ಲ. ಸತ್ತವರು ಎದ್ದು ಬಂದು ಉತ್ತರ ಕೊಡಲಾರರು, ಅವರ ಮನೆಯವರಿಗೆ ನೋವಾಗುತ್ತದೆ. ಖಾಸಗಿ ಬದುಕನ್ನು ಕೆದಕುವುದು ಹೇಡಿತನ. ಆದರೆ ತಮಾಷೆ ನೋಡಿ, ಆ ಕೆಲಸವನ್ನು ಮಾತ್ರ ನಾವು ನಿಲ್ಲಿಸಿಯೇ ಇಲ್ಲ. ರಾಜಕುಮಾರ್, ವಿಷ್ಣುವರ್ಧನ್ ಒಟ್ಟಿಗೆ ನಟಿಸಿದ ಚಿತ್ರ ಒಂದೇ, 1973ರ ‘ಗಂಧದ ಗುಡಿ’. ಆ ಚಿತ್ರೀಕರಣದ ಬಂದೂಕಿನ ಬಗ್ಗೆ ಹುಟ್ಟಿದ ಗಾಳಿಸುದ್ದಿ ಐವತ್ತು ವರ್ಷ ದಾಟಿದೆ. ಇಬ್ಬರೂ ಹೋದ ಮೇಲೂ ಅದು ಬದುಕಿದೆ. ಪುಣೆಗೆ ಹೊಸದಾಗಿ ಬಂದ ಕನ್ನಡದ ಹುಡುಗರೂ ಅದನ್ನ ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ. ಕಾಡಿನ ಲೂಟಿಯ ಬಗ್ಗೆ ಆ ಕಾಲದಲ್ಲೇ ಆ ಚಿತ್ರ ಏನು ಹೇಳಿತು ಅಂತ ಕೇಳಿ ನೋಡಿ, ತಲೆ ಕೆರೆಯುತ್ತಾರೆ. ಗಾಳಿಸುದ್ದಿಗೆ ಸೂತಕ ಇಲ್ಲ, ವಿಮರ್ಶೆಗೆ ಮಾತ್ರ ಸೂತಕ!

ದೇವರು ಮಾಡುವುದರ ಇನ್ನೊಂದು ಮುಖ ದೆವ್ವ ಮಾಡುವುದು. 2014ರಲ್ಲಿ ಯು.ಆರ್. ಅನಂತಮೂರ್ತಿ ತೀರಿಕೊಂಡಾಗ ಕೆಲವು ಕಡೆ ಪಟಾಕಿ ಹೊಡೆದವರೂ ನಮ್ಮವರೇ. ಪಟಾಕಿ ಹೊಡೆದವರಲ್ಲಿ ‘ಸಂಸ್ಕಾರ’ ಓದಿದವರು ಎಷ್ಟು ಜನ, 1970ರ ಆ ಚಿತ್ರ ನೋಡಿದವರು ಎಷ್ಟು ಜನ? ಹಾಲಿನ ಅಭಿಷೇಕಕ್ಕೂ ಪಟಾಕಿಗೂ ಕೃತಿಯನ್ನು ಓದುವ, ನೋಡುವ ಕಷ್ಟ ಬೇಕಿಲ್ಲ. ಎರಡೂ ಒಂದೇ ಸೋಮಾರಿತನ.

ನಮ್ಮ ಹಿರಿಯರು ಹೀಗಿರಲಿಲ್ಲ. ‘ನಾಗರಹಾವು’ ಬಂದಾಗ ಅದರ ಮೂಲ ಕಾದಂಬರಿ ಬರೆದ ತ.ರಾ.ಸು. ಅವರೇ ಪುಟ್ಟಣ್ಣನವರ ಚಿತ್ರವನ್ನು ಒಪ್ಪಲಿಲ್ಲ, ಅಸಮಾಧಾನವನ್ನು ಮುಚ್ಚಿಡಲೂ ಇಲ್ಲ. ಅದರಿಂದ ಪುಟ್ಟಣ್ಣ ಸಣ್ಣವರಾದರಾ? ವಿಷ್ಣುವರ್ಧನ್ ರಾಮಾಚಾರಿಯಾಗಿ ಜನರ ಮನಸ್ಸಿಗೆ ಇಳಿಯದೆ ಹೋದರಾ? ಚಿತ್ರವೂ ಉಳಿಯಿತು, ಕಾದಂಬರಿಯೂ ಉಳಿಯಿತು.

ಧಾರವಾಡದ ನನ್ನ ಗೆಳೆಯ ಇದಕ್ಕೆ ಸಂಗೀತದ ಉದಾಹರಣೆ ಕೊಟ್ಟ. ನಮ್ಮ ಗದಗಿನ ಭೀಮಸೇನ ಜೋಶಿ ಬಾಳಿದ್ದು ಪುಣೆಯಲ್ಲಿ, 2011ರ ಜನವರಿಯಲ್ಲಿ ತೀರಿಕೊಂಡದ್ದೂ ಇಲ್ಲೇ. ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ ಅವರು 1953ರಲ್ಲಿ ಶುರು ಮಾಡಿದ ಉತ್ಸವ ಈಗ ಇಬ್ಬರ ಹೆಸರಿನಲ್ಲೂ ನಡೆಯುತ್ತದೆ. ಅಲ್ಲಿ ಟೀ ಅಂಗಡಿ ಮುಂದೆ ನಿಂತು ಕೇಳಿ. ‘ಆ ವರ್ಷ ಪಂಡಿತರ ದನಿ ಹತ್ತಲಿಲ್ಲ’ ಅಂತ ಒಬ್ಬ, ‘ಏನೇ ಹೇಳಿ, ನನಗೆ ಮಲ್ಲಿಕಾರ್ಜುನ ಮನ್ಸೂರರೇ ಮೇಲು’ ಅಂತ ಇನ್ನೊಬ್ಬ, ‘ಇಬ್ಬರನ್ನೂ ಬಿಡಿ, ಕುಮಾರ ಗಂಧರ್ವರನ್ನ ಕೇಳಿ’ ಅಂತ ಮೂರನೆಯವ. ಮೂವರೂ ಕನ್ನಡ ನೆಲದ ಗಾಯಕರು, ಜಗಳ ಮರಾಠಿಯಲ್ಲಿ! ಯಾರೂ ಯಾರ ಕೊರಳಪಟ್ಟಿ ಹಿಡಿಯುವುದಿಲ್ಲ. ಜಗಳ ಮುಗಿಸಿ ಒಳಗೆ ಹೋಗಿ ಮತ್ತೆ ಕೇಳುತ್ತಾರೆ. ಇದೇ ಭೀಮಸೇನರು ರಾಜಕುಮಾರ್ ಅವರ ‘ಸಂಧ್ಯಾರಾಗ’ಕ್ಕೆ ಹಾಡಿದವರು. ಒಂದೇ ಚಿತ್ರದ ಗಾಯಕನ ಬಗ್ಗೆ ಮುಕ್ತವಾಗಿ ಮಾತಾಡಬಹುದು, ನಾಯಕನ ಬಗ್ಗೆ ಮಾತ್ರ ಪಿಸುಗುಟ್ಟಬೇಕು ಅಂದರೆ ಎಂಥ ನ್ಯಾಯ?

ನನ್ನ ಇನ್ನೊಂದು ದೂರು ಇದಕ್ಕಿಂತ ಗಂಭೀರ. ಮಾತು ನಿಂತ ಕಡೆ ಚಿತ್ರವೂ ಸಾಯುತ್ತದೆ.

ಮಗರಪಟ್ಟಾದಿಂದ ಹಡಪ್ಸರ್ ದಾಟಿ, ಅರ್ಧ ಪುಣೆ ಹಾದು ಹೋದರೆ ಲಾ ಕಾಲೇಜ್ ರಸ್ತೆ. ಅಲ್ಲಿದೆ ರಾಷ್ಟ್ರೀಯ ಚಲನಚಿತ್ರ ಭಂಡಾರ, 1964ರಲ್ಲಿ ಶುರುವಾದದ್ದು. ಪಿ.ಕೆ. ನಾಯರ್ ಎಂಬ ಮಲಯಾಳಿ ಅಲ್ಲಿ ಕೂತು ಊರೂರಿಂದ ಹಳೇ ರೀಲುಗಳನ್ನು ಹುಡುಕಿ ತಂದು ಜೋಪಾನ ಮಾಡಿದರು. ಫಾಲ್ಕೆಯವರ ಚಿತ್ರಗಳಲ್ಲಿ ಉಳಿದಷ್ಟು ಉಳಿದದ್ದಕ್ಕೆ ಅವರೇ ದೊಡ್ಡ ಕಾರಣ. ಹಾಗೆ ಹುಡುಕುವವರು ಹುಟ್ಟುವ ಮೊದಲೇ ಕಳೆದುಹೋದದ್ದು ನಮ್ಮ ‘ಸತಿ ಸುಲೋಚನಾ’. ಕನ್ನಡದ ಮೊದಲ ವಾಕ್ಚಿತ್ರ, 1934ರಲ್ಲಿ ಬಿಡುಗಡೆಯಾದದ್ದು, ತಯಾರಾದದ್ದು ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ನಿರ್ದೇಶಕ ವೈ.ವಿ. ರಾವ್, ಸಾಹಿತ್ಯ ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿ, ಹೆಸರುಗಳನ್ನು ಕಂಠಪಾಠ ಹೇಳುತ್ತೇವೆ. ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಹೆಸರಿಗೆ ನಮಸ್ಕಾರ ಮಾಡುತ್ತ ಕೂತರೆ ಉಳಿಯುವುದು ಹೆಸರು ಮಾತ್ರ.

ಇನ್ನೊಂದು ಕಡೆ ನೋಡಿ. ಅನಂತಮೂರ್ತಿಯವರ ಕಥೆಯಿಂದ ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ‘ಘಟಶ್ರಾದ್ಧ’ವನ್ನು ಹೊಸದಾಗಿ ಶುದ್ಧಗೊಳಿಸಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಆ ಕೆಲಸಕ್ಕೆ ಕೈ ಹಾಕಿದ್ದು ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಸಂಸ್ಥೆ ಮತ್ತು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಷನ್. ಸಂತೋಷವೇ. ಆದರೆ ನಮ್ಮ ಮನೆಯ ಹಿತ್ತಾಳೆ ಪಾತ್ರೆಗೆ ಹುಣಸೇಹಣ್ಣು ಹಾಕಿ ಬೆಳಗೋಕೆ ಅಮೆರಿಕದಿಂದ ಜನ ಬರಬೇಕಾ?

ನಮ್ಮ ಶಕ್ತಿ ಎಲ್ಲಿ ಖರ್ಚಾಗುತ್ತಿದೆ? ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ತೀರಿಕೊಂಡರು. ಸ್ಮಾರಕ ಎಲ್ಲಿ ಅಂತ ಜಗ್ಗಾಡಿ ಮೈಸೂರಿನಲ್ಲಿ ಅದು ಉದ್ಘಾಟನೆ ಆದದ್ದು 2023ರ ಜನವರಿಯಲ್ಲಿ, ಹದಿಮೂರು ವರ್ಷದ ಮೇಲೆ. ಅಂತ್ಯಸಂಸ್ಕಾರ ನಡೆದ ಬೆಂಗಳೂರಿನ ಅಭಿಮಾನ್ ಸ್ಟುಡಿಯೋದ ಸಮಾಧಿಯನ್ನು 2025ರ ಆಗಸ್ಟ್‌ನಲ್ಲಿ ನೆಲಸಮ ಮಾಡಿದರು. ಅಭಿಮಾನಿಗಳು ಕಣ್ಣೀರು ಹಾಕಿದ್ದು ಸಹಜ, ನನಗೂ ಹೊಟ್ಟೆ ಉರಿಯಿತು. ಆದರೆ ಆ ಸ್ಟುಡಿಯೋ ಕಟ್ಟಿದವರು ಯಾರು? ನಟ ಟಿ.ಎನ್. ಬಾಲಕೃಷ್ಣ, ನಮ್ಮ ಬಾಲಣ್ಣ. ಕನ್ನಡ ಚಿತ್ರಗಳು ಕನ್ನಡ ನೆಲದಲ್ಲೇ ತಯಾರಾಗಲಿ ಅಂತ ದುಡಿದದ್ದನ್ನೆಲ್ಲ ಅಲ್ಲಿ ಸುರಿದರು. ಆ ಸ್ಟುಡಿಯೋ ಸೊರಗುತ್ತಿದ್ದಾಗ ನಾವು ಎಲ್ಲಿದ್ದೆವು? ಸಮಾಧಿಯ ಜಾಗಕ್ಕೆ ಹೋರಾಡಿದ ಹುರುಪಿನಲ್ಲಿ ಕಾಲು ಭಾಗ ಆ ಸ್ಟುಡಿಯೋಕ್ಕೆ, ವಿಷ್ಣು ಚಿತ್ರಗಳ ನೆಗೆಟಿವ್‌ಗಳಿಗೆ ಸಿಕ್ಕಿದ್ದರೆ ಸಾಕಿತ್ತು.

ನಮಗೆ ಬೇರೆ ರೀತಿ ಬರುವುದೇ ಇಲ್ಲ ಅಂತಲೂ ನಾನು ಹೇಳುತ್ತಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ಕಂಠೀರವ ಸ್ಟೇಡಿಯಂಗೆ ಲಕ್ಷಾಂತರ ಜನ ಬಂದರು. ಸಾಲಿನಲ್ಲಿ ನಿಂತರು, ನೋಡಿದರು, ಅತ್ತರು, ಹೋದರು. 2006 ಮರುಕಳಿಸಲಿಲ್ಲ. ತಂದೆಯ ಹಾಗೇ ಮಗನೂ ಕಣ್ಣು ದಾನ ಮಾಡಿದ್ದ. ಅದನ್ನು ನೋಡಿ ಎಷ್ಟೋ ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಗೌರವ ಅಂದರೆ ಇದು. ಹೋದವರು ಮಾಡಿದ ಕೆಲಸವನ್ನು ಮುಂದುವರಿಸುವುದು. ಕಣ್ಣಿನ ವಿಷಯದಲ್ಲಿ ಸಾಧ್ಯವಾದದ್ದು ಆ ಕಣ್ಣುಗಳು ನಟಿಸಿದ ಚಿತ್ರಗಳ ವಿಷಯದಲ್ಲಿ ಯಾಕೆ ಆಗಬಾರದು?

ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ನಾನಿರುವ ಮಗರಪಟ್ಟಾ ಒಂದು ಕಾಲಕ್ಕೆ ಕಬ್ಬಿನ ಗದ್ದೆ. ಸುಮಾರು 120 ರೈತ ಕುಟುಂಬಗಳು ತಮ್ಮ 400ಕ್ಕೂ ಹೆಚ್ಚು ಎಕರೆ ಒಟ್ಟು ಮಾಡಿ, ಮಾರಿ ಎದ್ದು ಹೋಗದೆ ತಾವೇ ಪಾಲುದಾರರಾಗಿ ಈ ಪಟ್ಟಣ ಕಟ್ಟಿದರು. ಅಂದರೆ ಕೂತು ಮಾತಾಡಿದರು, ಲೆಕ್ಕ ಹಾಕಿದರು, ಜಗಳವನ್ನೂ ಆಡಿರಬೇಕು. ಇಂಥ ಊರಲ್ಲಿ ಬೆಳೆದ ಮಗು, ಭೂಮಿ ಹಸನು ಮಾಡಿ ಕೊನೆಗೆ ಮಾತಿಲ್ಲದೆ ಎದ್ದು ಹೋದ ರಾಜೀವನನ್ನು ‘ಯಾಕೆ’ ಅಂತ ಕೇಳದೆ ಇನ್ಯಾರು ಕೇಳಬೇಕು? ನನಗೆ ಈಗಲೂ ರಾಜೀವ ದೊಡ್ಡವನೇ. ಆದರೆ ಯಾಕೆ ದೊಡ್ಡವನು ಅಂತ ಅವಳಿಗೆ ಹೇಳಲು ಕೂತಾಗ ಚಿತ್ರವನ್ನು ಮತ್ತೊಂದು ಸಲ ನೋಡಬೇಕಾಯಿತು. ಮೂವತ್ತು ವರ್ಷ ಅತ್ತು ನೋಡಿದ್ದೆ, ಯೋಚನೆ ಮಾಡಿ ನೋಡಿದ್ದು ಅದೇ ಮೊದಲು.

ಅವಳ ಮನೆಗೆ ಹೋಗಿ ‘ತಪ್ಪಾಯ್ತಮ್ಮ’ ಅಂದೆ. ‘ಪರವಾಗಿಲ್ಲ ಅಂಕಲ್, ಆದ್ರೆ ನನ್ನ ಪ್ರಶ್ನೆಗೆ ಉತ್ತರ?’ ಅಂದಳು. ಎರಡು ಗಂಟೆ ವಾದ ಮಾಡಿದೆವು, ಒಪ್ಪಂದಕ್ಕೆ ಬರಲಿಲ್ಲ. ಮುಂದಿನ ಭಾನುವಾರ ಅವರ ಮನೆಯಲ್ಲೇ ‘ಕಸ್ತೂರಿ ನಿವಾಸ’. ಆ ಪಾರಿವಾಳದ ದೃಶ್ಯ ಮುಗಿದ ಕೂಡಲೇ ಅವಳು ಏನೋ ಕೇಳುತ್ತಾಳೆ, ನಾನು ಏನೋ ಹೇಳುತ್ತೇನೆ, ಉಪ್ಪಿಟ್ಟು ಆರಿಹೋಗುತ್ತದೆ. ಹೋಗಲಿ ಬಿಡಿ.