ಗೆರೆ ದಾಟಿಸಿದವರು ಯಾರು?

‘ವ್ಯಾಪ್ತಿ ಮೀರಿದ ಆರೈಕೆ ಸಿಬ್ಬಂದಿಯನ್ನು ವಿಚಾರಣೆಯಿಲ್ಲದೆ ಮನೆಗೆ ಕಳಿಸಿ’ ಎಂಬ ವಾದ ಬೆಳಗಾವಿಯ ದೊಡ್ಡಾಸ್ಪತ್ರೆಗಳಲ್ಲಿ ಕುಳಿತವರಿಗೆ ಸರಿ ಕಾಣಬಹುದು. ಖಾನಾಪುರದ ಕಾಡಿನಲ್ಲಿ ನಿಂತು ಅದೇ ಮಾತು ಹೇಳಲಿ ನೋಡೋಣ. 2024ರ ಜುಲೈ ಮಳೆಯಲ್ಲಿ ಭೀಮಗಡ ಅರಣ್ಯದ ಆಮಗಾಂವದಿಂದ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಹೆಗಲ ಮೇಲೆ ಹೊತ್ತು ತರಬೇಕಾಯಿತು. ಅಂಥಲ್ಲಿ ಅಪ್ಪಣೆಗೆ ಕಾಯುವುದೇ ಅಪಾಯ.

ಕೆಲಸದ ವ್ಯಾಪ್ತಿಯೇನೂ ಶಿಲಾಶಾಸನವಲ್ಲ. ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಔಷಧ, ಗರ್ಭಿಣಿಗೆ ನಂಜೇರಿ ಫಿಟ್ಸ್ ಬಂದಾಗ ಮೆಗ್ನೀಸಿಯಂ ಸಲ್ಫೇಟ್‌ನ ಮೊದಲ ಡೋಸ್ ಕೊಡಲು ಕೇಂದ್ರದ 2010ರ ಮಾರ್ಗಸೂಚಿ ಸಹಾಯಕ ನರ್ಸ್-ಸೂಲಗಿತ್ತಿಯರಾದ ಎಎನ್‌ಎಂಗಳಿಗೇ ಅವಕಾಶ ಕೊಟ್ಟಿದೆ.

ಹಾಗೆಂದು ಆಸ್ಪತ್ರೆಯ ಆಯಾ ಇಂಜೆಕ್ಷನ್ ಚುಚ್ಚಲಿ ಎನ್ನುತ್ತಿಲ್ಲ. ರೋಗಿಯ ಜೀವ ಕಾಯಲು ಗೆರೆ ಬೇಕೇ ಬೇಕು. ಆದರೆ ನರ್ಸ್ ಇಲ್ಲದ ರಾತ್ರಿ ಪಾಳಿಯಲ್ಲಿ ‘ನೀನ ನೋಡವ್ವಾ’ ಎನ್ನುವವರೂ ಮೇಲಿನವರೇ, ಎಡವಟ್ಟಾದಾಗ ನಿಯಮ ಓದುವವರೂ ಅವರೇ. ಹೊರಗುತ್ತಿಗೆಯವಳಿಗೆ ಸಿಗುವುದು ನೋಟಿಸಲ್ಲ, ‘ನಾಳಿಂದ ಬರಬ್ಯಾಡ’ ಎಂಬ ಫೋನು. ಆಶಾ ಕಾರ್ಯಕರ್ತೆಯಂತೂ ಕಾಗದದ ಮೇಲೆ ಸ್ವಯಂಸೇವಕಿ, ನೌಕರಳೇ ಅಲ್ಲ.

ವಜಾ ಮಾಡುವ ಮುನ್ನ ಕೇಳಿ: ಕೆಲಸ ಹೇಳಿದವರು ಯಾರು? ಆ ಹೊತ್ತಿಗೆ ಬೇರೆ ಯಾರಿದ್ದರು? ತರಬೇತಿ ಕೊಟ್ಟಿದ್ದಿರಾ? ಉತ್ತರಗಳನ್ನೂ ಅವಳ ಹೇಳಿಕೆಯನ್ನೂ ದಾಖಲಿಸಿದ ಮೇಲೂ ತಪ್ಪು ಅವಳದ್ದೇ ಆದರೆ ಶಿಕ್ಷಿಸಿ. ಅಲ್ಲಿಯವರೆಗೆ ವಜಾ ಎಂಬುದು ಶಿಸ್ತುಕ್ರಮವಲ್ಲ, ಜವಾಬ್ದಾರಿಯಿಂದ ನುಣುಚಿಕೊಳ್ಳುವ ದಾರಿ.