ಕೇಬಲ್ಲು ನೆಲದ ಮೇಲೇಕೆ ಬಿದ್ದಿರಬೇಕು?



ಟೀ ಪುಡಿಗೆ ತೇವ ತಗಲದಂತೆ ಫ್ಯಾಕ್ಟರಿಯಲ್ಲಿ ಎಷ್ಟು ಜೋಪಾನ ಮಾಡುತ್ತಾರೆಂಬುದು ನಮಗೆಲ್ಲ ಗೊತ್ತು. ಅದೇ ಫ್ಯಾಕ್ಟರಿಯ ಹಿಂದಿರುವ ವರ್ಕ್‌ಶಾಪಿಗೆ ಹೋಗಿ ನೋಡಿ. ವೆಲ್ಡಿಂಗ್ ಮೆಷಿನ್ನಿನ ಕೇಬಲ್ಲು ಮಳೆನೀರು, ಡೀಸೆಲು, ಕಬ್ಬಿಣದ ಚೂರುಗಳ ನಡುವೆ ಬಿದ್ದಿರುತ್ತದೆ. ಹೋಲ್ಡರು ಒಂದು ಮೂಲೆ, ಅರ್ತ್ ಕ್ಲ್ಯಾಂಪು ಇನ್ನೊಂದು ಮೂಲೆ, ರಾಡಿನ ಪ್ಯಾಕೆಟ್ಟು ಬಾಯಿ ತೆರೆದುಕೊಂಡು ಕಿಟಕಿಯ ಮೇಲೆ. ಪುಡಿಗಿರುವ ಬೆಲೆ ಆಳಿನ ಜೀವಕ್ಕೆ ಇಲ್ಲವೇ?

ಒಂದು ಮಳೆಗಾಲದಲ್ಲಿ ನಮ್ಮ ಎಸ್ಟೇಟಿನ ಹೆಲ್ಪರ್ ಹುಡುಗನಿಗೆ ಶಾಕ್ ಹೊಡೆಯಿತು. ದೇವರ ದಯೆಯಿಂದ ಉಳಿದುಕೊಂಡ. ಕೇಬಲ್ಲನ್ನು ಗೋಡೆಯ ಮೊಳೆಗೆ ನೇತುಹಾಕುವ ರೂಢಿ ಇತ್ತು. ಮೊಳೆ ಒತ್ತಿದ ಕಡೆ ರಬ್ಬರು ಸೀಳಿ ತಾಮ್ರ ಕಾಣುತ್ತಿತ್ತು. ಮರುದಿನ ಬಂದದ್ದು ಹೊಸ ಕೇಬಲ್ಲಲ್ಲ, 'ಅಜಾಗ್ರತೆ' ಎಂದು ಹುಡುಗನಿಗೊಂದು ಮೆಮೊ. ಅದಕ್ಕೆ ಉತ್ತರ ಬರೆದುಕೊಟ್ಟವನು ನಾನು.

ವೆಲ್ಡಿಂಗ್ ಕರೆಂಟು 80 ವೋಲ್ಟು ಮಾತ್ರ, ಏನೂ ಆಗದು ಎನ್ನುವವರಿದ್ದಾರೆ. ಬೆವರಿನಲ್ಲೋ ಮಳೆಯಲ್ಲೋ ನೆನೆದ ಮೈ, ಒದ್ದೆ ಕಬ್ಬಿಣದ ಮೇಲೆ ಬರಿಗಾಲು ಇದ್ದರೆ ಜೀವ ಹೋಗಲು ಅಷ್ಟೇ ಸಾಕು.

ಆಮೇಲೆ ನಾವು ನಾಲ್ಕು ಜನ ಕೆಲಸ ಬಿಟ್ಟ ಮೇಲೆ ಸೇರಿದೆವು. ಗುಜರಿಗೆ ಬಿದ್ದಿದ್ದ ಲಾರಿ ಚಕ್ರದ ರಿಮ್ಮನ್ನು ಎದೆಯೆತ್ತರಕ್ಕೆ ಗೋಡೆಗೆ ಬೋಲ್ಟು ಹಾಕಿ ಕೂರಿಸಿ, ಅಂಚನ್ನು ಅರದಿಂದ ಉಜ್ಜಿ ನಯ ಮಾಡಿದೆವು. ಕೇಬಲ್ಲನ್ನು ಅದರ ಮೇಲೆ ಸಡಿಲವಾಗಿ ಸುತ್ತಬೇಕು. ಬಿಗಿಯಾಗಿ ಮಡಿಸಿದರೆ ಒಳಗಿನ ತಾಮ್ರದ ಎಳೆಗಳು ತುಂಡಾಗಿ ಆ ಜಾಗ ಕಾಯುತ್ತದೆ. ಕೆಲಸಕ್ಕೆ ಮೊದಲು ಪೂರ್ತಿ ಬಿಚ್ಚಿಕೊಳ್ಳಬೇಕು. ಸುತ್ತಿದ್ದ ಹಾಗೆಯೇ ಬಳಸಿದರೆ ಕೇಬಲ್ಲು ಬಿಸಿಯಾಗುತ್ತದೆ. ಹಳೆಯ ಟೀ ಪೆಟ್ಟಿಗೆಗೆ ಹಲಗೆ ಅಡ್ಡ ಕೊಟ್ಟು ಹೋಲ್ಡರು, ಕ್ಲ್ಯಾಂಪು, ಕೈಗವಸು, ಸುತ್ತಿಗೆ, ಮುಖದ ಕನ್ನಡಿ ಎಲ್ಲಕ್ಕೂ ಬೇರೆಬೇರೆ ಗೂಡು ಮಾಡಿದೆವು. ಹೋಲ್ಡರಿನಲ್ಲಿ ರಾಡಿನ ತುಂಡು ಬಿಟ್ಟು ಇಡಬಾರದು. ರಾಡುಗಳಿಗೆ ಬಿಗಿ ಮುಚ್ಚಳದ ಡಬ್ಬ. ತೇವ ಹೀರಿದ ರಾಡಿನ ಬೆಸುಗೆಯಲ್ಲಿ ತೂತು ಬೀಳುತ್ತದೆ. ಖರ್ಚು ನಾಲ್ಕು ಬೋಲ್ಟು.

ಯೂನಿಯನ್ ಮೀಟಿಂಗಿನಲ್ಲಿ ಒಬ್ಬ ಅಣ್ಣ ಕೇಳಿದರು: 'ದೊರೆ ಮಾಡಿಸಬೇಕಾದ್ದನ್ನು ನಾವು ಪುಕ್ಕಟೆ ಮಾಡುವುದೇಕೆ?' ಪ್ರಶ್ನೆ ನ್ಯಾಯವಾದದ್ದೇ. 1948ರ ಕಾರ್ಖಾನೆ ಕಾಯಿದೆಗೆ 1987ರಲ್ಲಿ ಸೇರಿಸಿದ 7ಎ ವಿಧಿ, ಸಾಮಾನು ಬಳಸುವುದರಲ್ಲಿ ಮಾತ್ರವಲ್ಲ, ಇಡುವುದರಲ್ಲೂ ಅಪಾಯವಿರದಂತೆ ನೋಡುವ ಭಾರವನ್ನು ಫ್ಯಾಕ್ಟರಿ ನಡೆಸುವವರ ಮೇಲೆ ಹೊರಿಸಿತು. ಈಗ ಆ ಕಾಯಿದೆಯ ಜಾಗಕ್ಕೆ ಬಂದಿರುವ 2020ರ ಸಂಹಿತೆಯಲ್ಲೂ ಕೆಲಸದ ಜಾಗವನ್ನು ಸುರಕ್ಷಿತವಾಗಿಡುವ ಕರ್ತವ್ಯ ಮಾಲಿಕರದೇ.

ಆದರೆ ನಾಳೆ ಬೆಳಿಗ್ಗೆ ಆ ಕೇಬಲ್ಲು ಹಿಡಿಯುವುದು ದೊರೆಯ ಕೈಯಲ್ಲ, ನಮ್ಮ ಮಗನ ಕೈ. ಆದ್ದರಿಂದ ರಿಮ್ಮನ್ನು ಇವತ್ತೇ ಹಾಕೋಣ. ಜೊತೆಗೆ ಹರಿದ ಕೇಬಲ್ಲು, ಸವೆದ ಕೈಗವಸು ಬದಲಿಸಿಕೊಡಿ ಎಂದು ಅರ್ಜಿ ಬರೆದು, ಆಫೀಸಿನಲ್ಲಿ ಸಹಿ ಪಡೆದು, ಪ್ರತಿ ಇಟ್ಟುಕೊಳ್ಳೋಣ. ರಿಮ್ಮು ಒಳ್ಳೆಯ ಕೇಬಲ್ಲನ್ನು ಕಾಪಾಡೀತು, ಹರಿದದ್ದನ್ನು ವಾಸಿಮಾಡದು. 'ನೀವೇ ಸರಿಮಾಡಿಕೊಂಡಿರಲ್ಲ' ಎಂದು ಅವರು ಕೈ ತೊಳೆದುಕೊಳ್ಳಲು ನಮ್ಮ ಶ್ರಮ ನೆಪವಾಗಬಾರದು.

ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಒಂದು ವಿಧಿಯಿದೆ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತುಗೋಡೆ ಕಟ್ಟಿಸಬೇಕು. ಇಲ್ಲವಾದರೆ ಬಿದ್ದು ಸತ್ತವನ ರಕ್ತದ ಹೊಣೆ ಆ ಮನೆಗೆ. ಗಮನಿಸಿ, ದೇವರು ಇದನ್ನು ಹೇಳಿದ್ದು ಮನೆಯೊಡೆಯನಿಗೆ. ಬಿದ್ದವನಿಗೆ ಮೆಮೊ ಕೊಡಿ ಎಂದು ಎಲ್ಲಿಯೂ ಹೇಳಲಿಲ್ಲ.

ಅಕ್ಕತಂಗಿಯರೇ, ನಿಮ್ಮ ಮನೆಯವರು ವರ್ಕ್‌ಶಾಪಿಗೆ ಹೋಗುವವರಾದರೆ ಈ ರಾತ್ರಿ ಊಟಕ್ಕೆ ಕೂತಾಗ ಒಂದು ಮಾತು ಕೇಳಿ: 'ಕೇಬಲ್ಲು ಎಲ್ಲಿಟ್ಟು ಬಂದಿರಿ?'